ಒಬ್ಬ ಸರ್ಟನ್ ಮನುಷ್ಯ

"ಐ ಆಮ್ ಎ ಸರ್ಟನ್ ಮ್ಯಾನ್" ಎಂದು ಓದಿ ಬೀಗರು ತಲೆ ಎತ್ತಿದರು.

ಅವರು ಯಾರಿಗೂ ಬೀಗರಾಗಿರಲಿಲ್ಲ. ಐವತ್ತು ಹತ್ತಿರವಾದರೂ ಮದುವೆಯೇ ಆಗದವರಿಗೆ ಬೀಗತನ ಎಲ್ಲಿಂದ ಬರಬೇಕು? ಬೀಗ ರಿಪೇರಿ ಮಾಡುತ್ತಿದ್ದರು, ಕಳೆದುಹೋದ ಕೀಲಿಗೆ ಜೋಡಿ ಮಾಡಿಕೊಡುತ್ತಿದ್ದರು, ಅಷ್ಟೇ. ಇಂಗ್ಲಿಷ್ ಕ್ಲಾಸಿನವರು ತಮಾಷೆಗೆ ಇಟ್ಟ ಹೆಸರು ಅವರಿಗೆ ಅಂಟಿಕೊಂಡಿತ್ತು.

ಕ್ಲಾಸು ನಡೆಯುತ್ತಿದ್ದದ್ದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ, ಭಾನುವಾರದ ಮಧ್ಯಾಹ್ನಗಳಲ್ಲಿ. ಕೆಳಗೆ ಇಸ್ತ್ರಿ ಮಾಡಿದಂತೆಲ್ಲ ಹಲಗೆಗಳ ಸಂದಿನಿಂದ ಹಬೆ ಮೇಲೇರಿ ಕಿಟಕಿಯ ಗಾಜು ಮಂಜಾಗುತ್ತಿತ್ತು. ಸೋಪಿನ ವಾಸನೆಗೆ ಎಲ್ಲರಿಗೂ ಅರೆನಿದ್ದೆ. ಬೋರ್ಡಿನ ಮೇಲಿನ ಅಕ್ಷರಗಳೂ ತೂಕಡಿಸುತ್ತಿರುವಂತೆ ಕಾಣುತ್ತಿದ್ದವು. ಇವತ್ತು ಅಲ್ಲಿದ್ದದ್ದು ಅನುಮಾನಕ್ಕೆ ಎಡೆಯೇ ಇಲ್ಲದ ಪದಗಳು: ಸರ್ಟನ್, ಡೆಫಿನಿಟ್, ಅಬ್ವಿಯಸ್. "ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತೀವಲ್ಲ, ಅಂಥದ್ದಕ್ಕೆಲ್ಲ ಇವು. ಒಬ್ಬೊಬ್ಬರೂ ಒಂದು ವಾಕ್ಯ ಮಾಡಿ" ಎಂದಿದ್ದರು ಮೇಡಂ.

ಈಗ ಅವರು ನಗು ತಡೆದುಕೊಳ್ಳುತ್ತಿದ್ದರು. "ನಾನು ಖಚಿತವಾಗಿದ್ದೀನಿ ಅನ್ನೋಕೆ ಐ ಆಮ್ ಸರ್ಟನ್ ಅಂದ್ರೆ ಸಾಕು. ಎ ಸರ್ಟನ್ ಮ್ಯಾನ್ ಅಂದ್ರೆ ಅರ್ಥಾನೇ ಬೇರೆ. ಯಾರೋ ಒಬ್ಬ ಅಂತ. ಹೇಳೋರಿಗೆ ಅವನು ಯಾರು ಅಂತ ಗೊತ್ತಿರುತ್ತೆ, ಹೆಸರು ಮಾತ್ರ ಹೇಳಲ್ಲ."

ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಬೀಗರೂ ನಕ್ಕರು, ಆದರೆ ಕಿವಿ ಕೆಂಪಾಗಿತ್ತು. "ಹಾಗಾದ್ರೆ ನಾನು ಯಾರೋ ಒಬ್ಬ ಅಂತಾಯ್ತು" ಎಂದು ಮೆಲ್ಲಗೆ ಹೇಳಿ ಕುಳಿತರು.

ಕಿಟಕಿ ಪಕ್ಕದ ಬೆಂಚಿನಲ್ಲಿದ್ದ ನೋಡೋಣಕ್ಕ ಮಾತ್ರ ನಗಲಿಲ್ಲ. ಆ ವಾಕ್ಯ ಯಾರಿಗಾಗಿ ಬರೆದದ್ದೆಂದು ಅವಳಿಗೆ ಗೊತ್ತಿತ್ತು.

ಅವಳದು ಗುಂಡಿ, ದಾರ, ಲೇಸುಗಳ ಪುಟ್ಟ ಅಂಗಡಿ. ನೀಲಿ ಗುಂಡಿ ನಾಳೆ ಬರುತ್ತಾ ಎಂದರೆ "ನೋಡೋಣ". ಹೊರಗೆ ಧೋ ಎಂದು ಸುರಿಯುತ್ತಿದ್ದಾಗ ಮಳೆ ಬರ್ತಿದೆ ಎಂದರೂ "ನೋಡೋಣ". ಆ ಹೆಸರು ಬಿದ್ದದ್ದೂ ಅದರಿಂದಲೇ. ಹುಟ್ಟಿದಾಗಿನಿಂದ ಹೀಗೇನೂ ಇರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಒಬ್ಬ "ಖಂಡಿತ ಬರ್ತೀನಿ, ಖಂಡಿತ" ಎಂದು ಕೈ ಬೀಸಿ ಹೋದವನು ಪತ್ತೆಯೇ ಇಲ್ಲ. ಅಂದಿನಿಂದ ಆ ಪದ ಅವಳ ಬಾಯಿಗೆ ಬಂದಿರಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡುವುದೇ ಅಭ್ಯಾಸವಾಯಿತು. ಅಂಗಡಿಗೆ ಬೀಗ ಹಾಕಿ ಜಗ್ಗಿ ನೋಡುವಳು, ಬೀದಿಯ ತಿರುವಿನವರೆಗೆ ಹೋಗಿ ಮತ್ತೆ ಬಂದು ಜಗ್ಗುವಳು. ಜಗ್ಗಿ ಜಗ್ಗಿ ಬೀಗ ಸಡಿಲವಾದಾಗಲೇ ಬೀಗರ ಪರಿಚಯವಾದದ್ದು. "ಬೀಗ ಕೆಟ್ಟಿಲ್ಲ. ನಿಮ್ಮ ಕೈಗೆ ಸಿಕ್ಕಿ ಸುಸ್ತಾಗಿದೆ" ಎಂದಿದ್ದರು ಅವರು.

ಆಮೇಲೆ ಒಂದೇ ಕ್ಲಾಸು, ಒಂದೇ ದಾರಿ. ಎಲ್ಲರಂತೆ "ನೋಡೋಣಕ್ಕ" ಎನ್ನುತ್ತಿದ್ದವರು ಯಾವಾಗಲೋ "ಅಕ್ಕ"ನನ್ನು ಕೈಬಿಟ್ಟು ಬರೀ "ನೀವು" ಎನ್ನತೊಡಗಿದರು. ಅಕ್ಕ ಎಂದರೆ ಮುಂದಿನ ಮಾತಿಗೆ ದಾರಿಯೇ ಇರುವುದಿಲ್ಲವಲ್ಲ! ಆ ಮುಂದಿನ ಮಾತು ಹೋದ ವಾರ ಲಾಂಡ್ರಿಯ ಮೆಟ್ಟಿಲ ಮೇಲೆ ಬಂತು.

"ನಾವಿಬ್ರೂ ಮದುವೆ ಆಗಬಹುದಲ್ವಾ?"

"ನೋಡೋಣ" ಎಂದಿತ್ತು ಅವಳ ನಾಲಿಗೆ, ಅವಳನ್ನು ಕೇಳದೆಯೇ.

"ಸರಿ. ಕ್ಲಾಸು ಮುಗಿಯೋದರೊಳಗೆ ಹೇಳಿ. ಆಮೇಲೆ ಮತ್ತೆ ಮತ್ತೆ ಕೇಳಿ ನಿಮ್ಮ ತಲೆ ತಿನ್ನಲ್ಲ."

ಇವತ್ತೇ ಕಡೆಯ ಕ್ಲಾಸು. ವಾರವಿಡೀ ಅವಳು ಗುಂಡಿಗಳನ್ನು ಎಣಿಸುತ್ತ ಲೆಕ್ಕ ತಪ್ಪಿದ್ದಳು. ಬೇಕು ಎಂದು ಮನಸ್ಸು ಹೇಳುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಭಯ. ಹೇಳದಿದ್ದರೆ ಇನ್ನು ಮುಂದೆ ಆ ದಾರಿಯಲ್ಲಿ ಒಬ್ಬಳೇ.

"ನೋಡೋಣಕ್ಕ, ಈಗ ನೀವು" ಎಂದರು ಮೇಡಂ.

ಎದ್ದು ನಿಂತಳು. ಗುಂಡಿ ಎಂದಾದರೊಂದು ದಿನ ಉದುರುವುದು ಡೆಫಿನಿಟ್ ಎಂಬ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಹಬೆ ದಟ್ಟವಾಗಿತ್ತು. ಬೆಂಚುಗಳು, ಮುಖಗಳು, ಬೋರ್ಡು ಎಲ್ಲ ತೇಲುತ್ತಿರುವಂತೆ, ನಡುವೆ ಎರಡು ಕೆಂಪು ಕಿವಿಗಳು ಮಾತ್ರ ಸ್ಪಷ್ಟವಾಗಿರುವಂತೆ ಅವಳಿಗೆ ಕಂಡಿತು. ಕನಸಿನಲ್ಲಿ ಮಾತಾಡುವವಳ ಹಾಗೆ ಹೇಳಿದಳು:

"ಐ ವಾಂಟ್ ಎ ಸರ್ಟನ್ ಮ್ಯಾನ್."

"ಅಯ್ಯೋ ಅಕ್ಕ, ಈಗ ತಾನೇ ಹೇಳಿದ್ನಲ್ಲ! ಯಾರು ಅಂತ ಗೊತ್ತು, ಹೆಸರು ಹೇಳಲ್ಲ ಅನ್ನೋ ಅರ್ಥ ಬರುತ್ತೆ."

"ಅದೇ ಅರ್ಥ, ಮೇಡಂ."

ಯಾರೂ ನಗಲಿಲ್ಲ. ಕೆಳಗೆ ಇಸ್ತ್ರಿಪೆಟ್ಟಿಗೆ ಬುಸ್ಸೆಂದಿತು. ಮೇಡಂ ಒಮ್ಮೆ ಅವಳನ್ನೂ ಒಮ್ಮೆ ಬೀಗರನ್ನೂ ನೋಡಿ ಚಾಕ್‌ಪೀಸು ಕೆಳಗಿಟ್ಟರು.

"ಖಂಡಿತಾನಾ, ಅಕ್ಕ?"

ಅವಳು ಕಿಟಕಿಯ ಗಾಜನ್ನು ಸೆರಗಿನಿಂದ ಸ್ವಲ್ಪ ಒರೆಸಿದಳು. ಹೊರಗೆ ಬೀದಿ, ಬಿಸಿಲು ಎಲ್ಲ ಇದ್ದಲ್ಲೇ ಇದ್ದವು.

"ಖಂಡಿತ" ಎಂದಳು.

ಕ್ಲಾಸು ಬಿಟ್ಟ ಮೇಲೆ ಇಬ್ಬರೂ ಎಂದಿನ ದಾರಿಯಲ್ಲೇ ಹೊರಟರು. ಗುಂಡಿ ಅಂಗಡಿಯ ಮುಂದೆ ಬಂದಾಗ ಬೀಗರು ರೂಢಿಯಂತೆ ನಿಂತರು. ಅವಳು ನಿಲ್ಲಲಿಲ್ಲ.

"ಜಗ್ಗಿ ನೋಡಲ್ವಾ?"

"ಬೇಡ ಬಿಡಿ."

ಬೀದಿಯ ತಿರುವಿನವರೆಗೂ ಅವಳು ಹಿಂತಿರುಗಿ ನೋಡಲಿಲ್ಲ. ಬೀಗರೇ ಚಡಪಡಿಸಿದರು. "ಒಂದು ನಿಮಿಷ" ಎಂದು ಲಗುಬಗೆಯಿಂದ ಅಂಗಡಿಯತ್ತ ವಾಪಸು ಹೋದರು. ಯಾರೂ ನೋಡುತ್ತಿಲ್ಲ ತಾನೇ ಎಂದು ಆಚೀಚೆ ಕಣ್ಣು ಹಾಯಿಸಿ, ಬೀಗವನ್ನು ಒಮ್ಮೆ ಮೆಲ್ಲಗೆ ಜಗ್ಗಿದರು. ತಿರುವಿನಲ್ಲಿ ಅವಳು ಕಾಯುತ್ತ ನಿಂತಿದ್ದಳು.