ಎಳೆ ಕಡಿದ ಜಾಗ

"ಕಡಿದಿರೋದು ಇಲ್ಲಿ," ಎಂದು ಡಾಕ್ಟರಮ್ಮ ಪೆನ್ನಿನಿಂದ ಹಾಳೆಯ ಮೇಲೆ ಎರಡು ಗೆರೆ ಎಳೆದರು. "ಮೈಯ ಕಣಕಣದಲ್ಲೂ ಇರೋ ವಂಶದ ಎಳೆಗಳಿವು. ಎರಡು ದಾರ ಅಂದ್ಕೊಳ್ಳಿ. ಎರಡೂ ಒಂದೊಂದು ಕಡೆ ಕಡಿದಿವೆ. ಮತ್ತೆ ಕೂಡುವಾಗ ಇದರ ತುದಿ ಅದಕ್ಕೆ, ಅದರ ತುದಿ ಇದಕ್ಕೆ ಸೇರ್ಕೊಂಡಿದೆ."

ದೊಡ್ಡಕ್ಕ ಬಗ್ಗಿ ನೋಡಿದಳು. ಅಕ್ಷರ ಬಾರದಿದ್ದರೂ ಆ ಗೆರೆಗಳು ಅವಳಿಗೆ ಹೊಸವಲ್ಲ. ಕಂಬಳಿ ಮಗ್ಗದಲ್ಲಿ ಅಂಚಿನ ಕರಿ ಎಳೆಯೂ ಬಿಳಿ ಎಳೆಯೂ ಒಟ್ಟಿಗೆ ಕಡಿದಾಗ ಅವಸರದಲ್ಲಿ ಗಂಟು ಹಾಕಿದರೆ ಹೀಗೇ ಆಗುತ್ತದೆ. ಕಂಬಳಿ ಗಟ್ಟಿಯಾಗಿಯೇ ಇರುತ್ತದೆ. ಗಂಟಿನಿಂದ ಮುಂದಕ್ಕೆ ಮಾತ್ರ ಕರಿ ಇರಬೇಕಾದ ಕಡೆ ಬಿಳಿ ಓಡುತ್ತದೆ.

"ಕಡಿದಿರೋದು ಇವಳ ಮೈಯಾಗೇನು?" ಎಂದು ಸೊಸೆ ಚಿತ್ರಾಳ ಕಡೆ ಗದ್ದ ತೋರಿಸಿದಳು.

"ಅಲ್ಲಮ್ಮ. ನಿಮ್ಮ ಮಗನಲ್ಲಿ. ಚಿತ್ರಾ ರಕ್ತದಲ್ಲಿ ಏನೂ ತೊಂದರೆ ಇಲ್ಲ."

ಮಗ ಗಿರೀಶ ತಲೆ ತಗ್ಗಿಸಿ ಕೂತಿದ್ದ. ಡಾಕ್ಟರಮ್ಮ ಅವನಿಗೂ ಕೇಳುವಂತೆ ನಿಧಾನವಾಗಿ ಹೇಳಿದರು. ಅವನಿಗೆ ಯಾವುದೂ ಕಮ್ಮಿಯಿಲ್ಲ, ಜಾಗ ಬದಲಾಗಿದೆ ಅಷ್ಟೇ. ಮಗುವಿಗೆ ಹೋಗುವಾಗ ಜೋಡಿ ಸರಿಯಾಗಿ ಹೋದರೆ ಮಗು ಉಳಿಯುತ್ತದೆ. ಒಂದು ಹೋಗಿ ಇನ್ನೊಂದು ಬಿಟ್ಟುಹೋದರೆ ಹೊಟ್ಟೆಯಲ್ಲಿ ನಿಲ್ಲುವುದು ಕಷ್ಟ.

"ಇವನಿಗೆ ಎಲ್ಲಿಂದ ಬಂತವ್ವ ಇದು?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಹೋದ ಸಲ ನಿಮ್ಮ ರಕ್ತ ತಗೊಂಡಿದ್ವಲ್ಲ. ನಿಮ್ಮಲ್ಲೂ ಅದೇ ಜಾಗದಲ್ಲಿ ಕಡಿದಿದೆ. ಇದು ಯಾರ ತಪ್ಪೂ ಅಲ್ಲಮ್ಮ."

ಆ ರಕ್ತ ಸೊಸೆಗೆ ಏರಿಸುವುದಕ್ಕೆ ಎಂದೇ ದೊಡ್ಡಕ್ಕ ತಿಳಿದಿದ್ದಳು. ಅವತ್ತು ಬಸ್ಸಿನಲ್ಲಿ ಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದಳು: "ನನ್ನ ರಕ್ತನೇ ಕೊಟ್ಟು ಬಂದೀನ್ರವ್ವ. ಇನ್ನಾದ್ರೂ ಇವಳ ಹೊಟ್ಟೆ ನಿಲ್ಲಲಿ."

ಹಿರಿಯೂರು ದಾಟಿ ಹೋಗುವ ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು. ಕಂಡಕ್ಟರು ಆಧಾರ್ ಕಾರ್ಡು ನೋಡಿ ಹೆಂಗಸರ ಟಿಕೆಟ್ಟು ಹರಿದುಕೊಟ್ಟ. "ಏನಜ್ಜಿ, ಬಸ್ಸೂ ಪುಕ್ಕಟೆ, ನಗೋದೂ ಪುಕ್ಕಟೆ. ಅದಕ್ಯಾಕೆ ಇಷ್ಟು ಜಿಪುಣತನ?"

"ನನ್ನ ಟಿಕೆಟ್ ಕೊಟ್ಟು ಹೋಗಪ್ಪ ನೀನು," ಎಂದ ಗಿರೀಶ.

ಕಿಟಕಿಯಾಚೆ ಜೋಗಿಮಟ್ಟಿ ಗುಡ್ಡ ಹಿಂದೆ ಸರಿಯುತ್ತಿತ್ತು. ಮದುವೆಯಾದ ಹೊಸದರಲ್ಲಿ ಗಂಡ ಯತ್ತಪ್ಪನ ಜೊತೆ ದೊಡ್ಡಕ್ಕ ಕುರಿ ಹೊಡೆದುಕೊಂಡು ಅದರ ಬುಡಕ್ಕೆ ಬಂದಿದ್ದಳು. ಅಲ್ಲಿಯೇ ಒಂದು ಮುಂಜಾನೆ ಹೊಟ್ಟೆನೋವು ಬಂದು, ಅಂಗೈಯಗಲದ ಕೂಸು ಜಾರಿಹೋಯಿತು. ಯತ್ತಪ್ಪ ಹೊಂಗೆ ಮರದ ಕೆಳಗೆ ಗುಂಡಿ ತೋಡಿದ. "ಹಟ್ಟಿಯಾಗೆ ಹೇಳಬ್ಯಾಡ," ಎಂದ. ಮರುವರ್ಷ ಇನ್ನೊಂದು. ಅದನ್ನೂ ಹೇಳಲಿಲ್ಲ. ಆಮೇಲೆ ಗಿರೀಶ ಹುಟ್ಟಿದ.

ಹೇಳಿದ್ದರೆ ಅವಳು ರೊಪ್ಪದೊಳಗೆ ಕಾಲಿಡುವಂತಿರಲಿಲ್ಲ. ಬಸಿರು ಇಳಿದ ಹೆಂಗಸು ಮರಿ ಹಾಕುವ ಕುರಿಗಳ ರೊಪ್ಪಕ್ಕೆ ಹೋಗಬಾರದು, ಈಯುವ ಕುರಿಯನ್ನು ಮುಟ್ಟಬಾರದು. ಅವರ ಹಟ್ಟಿಯಲ್ಲಿ ಅದು ನಡೆದುಬಂದ ಕಟ್ಟು. ಚಿತ್ರಾಳಿಗೆ ಮೊದಲನೆಯದು ಹೋದಾಗಲೇ ದೊಡ್ಡಕ್ಕ ಅವಳನ್ನು ಮುಳ್ಳುಬೇಲಿಯಾಚೆ ನಿಲ್ಲಿಸಿದ್ದಳು. ಮೂರನೆಯದು ಐದು ತಿಂಗಳಿಗೆ ಹೋದ ಮೇಲೆ ಹೊಸದುರ್ಗಕ್ಕೆ ಫೋನು ಮಾಡಿಸಿ ಚಿತ್ರಾಳ ಅಣ್ಣ ಪರಮೇಶನಿಗೆ ಹೇಳಿದ್ದಳು: "ಬಂದು ತಂಗೀನ ಕರ್ಕಂಡು ಹೋಗಪ್ಪ. ಸ್ವಲ್ಪ ದಿನ ಅಲ್ಲೇ ಇರ್ಲಿ." ಸ್ವಲ್ಪ ದಿನ ಎಂದರೆ ಏನೆಂದು ಎಲ್ಲರಿಗೂ ಗೊತ್ತಿತ್ತು. ನಾಳೆ ಬೆಳಿಗ್ಗೆ ಅವನು ಬರುವವನಿದ್ದ. ಚಿತ್ರಾ ಚೀಲ ತುಂಬಿ ಜಗಲಿಯ ಮೇಲಿಟ್ಟೇ ಆಸ್ಪತ್ರೆಗೆ ಬಂದಿದ್ದಳು.

ಜವನಗೊಂಡನಹಳ್ಳಿಯಲ್ಲಿ ಇಳಿದು ಹಟ್ಟಿಗೆ ನಡೆದರು. ಮೇಯಲು ಬಿಟ್ಟಿದ್ದ ಕುರಿಗಳು ಪಕ್ಕದ ಮನೆಯ ಬೋರಣ್ಣನ ಸುಪರ್ದಿಯಲ್ಲಿದ್ದವು. ಗಿರೀಶ ಅವನ್ನು ಹೊಡೆದು ತರಲು ಹೊಲದ ಕಡೆ ತಿರುಗಿದ.

ಮನೆ ಮುಟ್ಟುವ ಮೊದಲೇ ರೊಪ್ಪದಿಂದ ನರಳುವ ದನಿ ಕೇಳಿಸಿತು. ಬೆಳಿಗ್ಗೆ ಬಿಟ್ಟುಹೋಗಿದ್ದ ತುಂಬುಗಬ್ಬದ ಕರಿಕುರಿ ಮಗ್ಗುಲಾಗಿ ಬಿದ್ದು ಕಾಲು ಜಾಡಿಸುತ್ತಿತ್ತು. ಮರಿಯ ಒಂದೇ ಗೊರಸು ಹೊರಗೆ ಕಾಣುತ್ತಿತ್ತು. ಇನ್ನೊಂದು ಕಾಲು ಒಳಗೆ ಮಡಿಚಿಕೊಂಡಿರಬೇಕು.

ಚಿತ್ರಾ ರೂಢಿಯಂತೆ ಬೇಲಿಯ ಹತ್ತಿರ ನಿಂತುಬಿಟ್ಟಳು. ದೊಡ್ಡಕ್ಕ ಸೆರಗು ಸಿಕ್ಕಿಸಿ ಬೇಲಿಬಾಗಿಲ ಪಡಕಿನ ಮುಳ್ಳು ಸರಿಸಿದಳು. ಒಂದು ಕಾಲು ಒಳಗಿಟ್ಟಿದ್ದವಳು ಹಾಗೇ ನಿಂತಳು. ಆಮೇಲೆ ಕಾಲನ್ನು ಹಿಂದಕ್ಕೆ ತೆಗೆದಳು.

"ನೀನು ಹೋಗು."

"ನಾನೇನು ಅತ್ತೆ? ನಾನು ಹೋಗಂಗಿಲ್ಲಲ್ಲ."

"ಹೋಗವ್ವ. ತಡ ಆದ್ರೆ ಎರಡೂ ಉಳಿಯಲ್ಲ."

"ನೀವು?"

"ನಾನು ಇಲ್ಲೇ ಇರ್ತೀನಿ."

ಚಿತ್ರಾ ಅತ್ತೆಯ ಮುಖವನ್ನು ಒಂದು ಗಳಿಗೆ ನೋಡಿದಳು. ನಂತರ ಬಳೆ ಮೇಲಕ್ಕೆ ಸರಿಸಿ, ಬಾನಿಯಲ್ಲಿ ಕೈ ತೊಳೆದು ಒಳಗೆ ಹೋದಳು. ತವರಿನಲ್ಲಿ ಕುರಿಗಳ ನಡುವೆಯೇ ಬೆಳೆದವಳು. ಅವಳ ಬೆರಳುಗಳು ಏನನ್ನೂ ಮರೆತಿರಲಿಲ್ಲ. ದೊಡ್ಡಕ್ಕ ಬೇಲಿಯಾಚೆಯಿಂದ ಒಂದು ಮಾತನ್ನೂ ಹೇಳಿಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮರಿ ಹುಲ್ಲಿನ ಮೇಲೆ ಜಾರಿ ಬಿತ್ತು. ಚಿತ್ರಾ ಅದರ ಮೂಗು ಬಾಯಿ ಒರೆಸಿ, ತಲೆಕೆಳಗು ಮಾಡಿ ಬೆನ್ನು ತಟ್ಟಿದಳು. ಮರಿ ಸೀನಿತು.

ಚಿತ್ರಾ ಅದನ್ನು ತಾಯಿಯ ಮುಂದೆ ಇಡಲಿಲ್ಲ. ಮಡಿಲಲ್ಲಿ ಹಾಕಿಕೊಂಡು ಬೆನ್ನು ತಿರುಗಿಸಿ ಕೂತಳು. ಭುಜ ಅಲುಗುತ್ತಿತ್ತು. ಕರಿಕುರಿ ಎದ್ದು ಬಂದು, ಮಡಿಲಿನಲ್ಲಿದ್ದ ಮರಿಯನ್ನೂ ಅವಳ ಕೈಯನ್ನೂ ಸೇರಿಸಿ ನೆಕ್ಕಿತು.

ಜಗಲಿಯ ಮೇಲಿನ ಚೀಲದಲ್ಲಿ ಅವಳ ಫೋನು ಬಡಿದುಕೊಳ್ಳತೊಡಗಿತು.

"ನಿಮ್ಮಣ್ಣ ಇರ್ಬೇಕು," ಎಂದಳು ದೊಡ್ಡಕ್ಕ.

ಚಿತ್ರಾ ತಿರುಗಲಿಲ್ಲ. "ನನ್ನ ಕೈ ಹಿಂಗೈತೆ. ನೀವೇ ಎತ್ರಿ."

"ಏನಂತ ಹೇಳ್ಲಿ?"

"ಬಾ ಅಂತ ಕರೆದೋರು ನೀವು. ಡಾಕ್ಟರಮ್ಮ ಹೇಳಿದ್ದನ್ನ ನಿಮ್ಮ ಬಾಯಿಂದಲೇ ಹೇಳ್ರಿ. ಹೋಗೋದೋ ಇರೋದೋ, ಆಮ್ಯಾಲೆ ನಾನು ನೋಡ್ಕಂತೀನಿ."

ದೊಡ್ಡಕ್ಕ ಫೋನು ತಂದು ಮತ್ತೆ ಬೇಲಿಯ ಆಚೆಯೇ ನಿಂತಳು. ಹಸಿರು ಗುಂಡಿ ಒತ್ತುವುದು ಅವಳಿಗೆ ಗೊತ್ತಿತ್ತು. ಒತ್ತಿ ಕಿವಿಗೆ ಹಿಡಿದಳು. ಇನ್ನೊಂದು ಕೈ ಅಭ್ಯಾಸಬಲದಿಂದ ಬೇಲಿಯ ಮುಳ್ಳಿಗೆ ಸಿಕ್ಕಿದ್ದ ಉಣ್ಣೆಯನ್ನು ಹಿಡಿದು ಮೆಲ್ಲಗೆ ಹೊಸೆದು ಎಳೆಯುತ್ತಿತ್ತು.

"ಚಿತ್ರಾ? ಏನಂದ್ರಮ್ಮ ಡಾಕ್ಟರು?" ಎಂದಿತು ಆ ಕಡೆಯ ದನಿ.

ಬೆರಳ ನಡುವೆ ಎಳೆ ಕಡಿಯಿತು. ಅರ್ಧ ಮುಳ್ಳಿನಲ್ಲಿ ಉಳಿದು ಗಾಳಿಗೆ ಆಡುತ್ತಿತ್ತು. ಅರ್ಧ ಅವಳ ಕೈಯಲ್ಲಿತ್ತು.

"ಚಿತ್ರಾ ಅಲ್ಲಪ್ಪ," ಎಂದಳು. "ನಾನು."