ಹತ್ತನೇ ಕುರ್ಚಿ

ನನ್ನ ಹೆಂಡತಿ ಆರ್ಲಿಸ್ ಪಕ್ಷದ ಕೆಲಸಕ್ಕೆಂದು ಸವೆಸಿದ ಬೂಟುಗಳನ್ನೆಲ್ಲ ಗುಡ್ಡೆ ಹಾಕಿದ್ದರೆ ನಮ್ಮ ಕೊಟ್ಟಿಗೆಯ ಒಂದು ಮೂಲೆ ತುಂಬುತ್ತಿತ್ತು. ಮದುವೆಯಾದ ವರ್ಷದಿಂದ ನೋಡುತ್ತಲೇ ಇದ್ದೇನೆ. ಚುನಾವಣೆ ಬಂತೆಂದರೆ ನನ್ನ ಮನೆಯಲ್ಲಿ ಒಲೆ ಹಚ್ಚುವವರಿಲ್ಲ. ಹಿಮದಲ್ಲಿ ಮೊಣಕಾಲು ಹೂಳಿಕೊಂಡು ಮನೆ ಮನೆ ಬಾಗಿಲು ತಟ್ಟುವುದು, ಕಂಡವರ ನಾಯಿಯಿಂದ ಕಚ್ಚಿಸಿಕೊಳ್ಳುವುದು, ಚರ್ಚಿನ ನೆಲಮಾಳಿಗೆಯಲ್ಲಿ ನೂರು ಜನಕ್ಕೆ ಕಾಫಿ ಕಾಯಿಸುವುದು, ಭಾಷಣ ಮುಗಿದ ಮೇಲೆ ಕುರ್ಚಿ ಮಡಚುವುದು. ಜೊತೆಗೆ ಅವಳ ಗೆಳತಿ ಬರ್ನಿಸ್. ಇಬ್ಬರೂ ಸೇರಿ ಈ ಜಿಲ್ಲೆಯಲ್ಲಿ ಮಡಚದ ಕುರ್ಚಿಯಿಲ್ಲ. ವೇದಿಕೆ ಹತ್ತಿದವರು ಮಾತ್ರ ಯಾವಾಗಲೂ ಬೇರೆಯವರು. ನಾನು ಬೈಯುತ್ತಿದ್ದೆ, ಅವಳು ನಗುತ್ತಿದ್ದಳು.

ಆ ವರ್ಷ ಅಕ್ಟೋಬರಿನಲ್ಲಿ ಪಕ್ಷಕ್ಕೆ ಎಲ್ಲಿಂದಲೋ ಬುದ್ಧಿ ಬಂತು. ಆರ್ಲಿಸಳನ್ನೂ ಬರ್ನಿಸಳನ್ನೂ ಎಲೆಕ್ಟರುಗಳ ಪಟ್ಟಿಗೆ ಸೇರಿಸಿದರು.

ನಮ್ಮಲ್ಲಿ ಅಧ್ಯಕ್ಷನನ್ನು ಜನ ನೇರವಾಗಿ ಆರಿಸುತ್ತಾರೆ ಎನ್ನುವುದು ಮಕ್ಕಳಿಗೆ ಹೇಳುವ ಮಾತು. ನವೆಂಬರಿನಲ್ಲಿ ಜನ ಹಾಕಿದ ವೋಟಿನಿಂದ ಗೆಲ್ಲುವವರು ಎಲೆಕ್ಟರುಗಳು. ಅವರನ್ನು ಪಕ್ಷ ಮೊದಲೇ ಹೆಸರಿಸಿಟ್ಟಿರುತ್ತದೆ. ನಮ್ಮ ರಾಜ್ಯಕ್ಕೆ ಹತ್ತು ಮಂದಿ. ಡಿಸೆಂಬರಿನಲ್ಲಿ ಆ ಹತ್ತು ಮಂದಿ ರಾಜ್ಯದ ರಾಜಧಾನಿ ಮ್ಯಾಡಿಸನ್ನಿನ ಶಾಸನಭವನದಲ್ಲಿ ಕೂತು ಹಾಕುವ ವೋಟೇ ವಾಷಿಂಗ್ಟನ್ನಿನಲ್ಲಿ ಎಣಿಕೆಗೆ ಬರುವುದು. ಯಾರಿಗೆ ಹಾಕಬೇಕೆಂದು ಮೊದಲೇ ಗೊತ್ತು, ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ಆದರೂ ಕುರ್ಚಿ ಮಡಚಿ ಮುದುಕರಾದವರಿಗೆ ಅದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದಿಲ್ಲ.

"ಓರಿನ್, ನನ್ನ ಕೈಯಾರೆ ಅಧ್ಯಕ್ಷರಿಗೆ ವೋಟು ಹಾಕ್ತೀನಿ ಕಣೋ," ಎಂದಳು. "ನಮ್ಮಪ್ಪ ಇದ್ದಿದ್ರೆ!"

"ನಿಮ್ಮಪ್ಪ ಇದ್ದಿದ್ರೆ ಆ ಕಡೆಯವನಿಗೆ ಹಾಕು ಅಂತ ಪ್ರಾಣ ತಿಂತಿದ್ದ."

"ಅದಕ್ಕೇ ದೇವರು ಬೇಗ ಕರ್ಕೊಂಡಿದ್ದು ಬಿಡು!"

ಆ ವಾರವೇ ಪಟ್ಟಣಕ್ಕೆ ಹೋಗಿ ಕಡುನೀಲಿ ಬಣ್ಣದ ಉಡುಪು ತಂದಳು. ತನಗಾಗಿ ಏನಾದರೂ ಕೊಳ್ಳುವ ಹೆಂಗಸಲ್ಲ ಅವಳು. ಕನ್ನಡಿಯೆದುರು ಹಿಂದೆ ಮುಂದೆ ತಿರುಗುವುದನ್ನು ನೋಡಿ ನನಗೆ ಎದೆ ತುಂಬಿ ಬಂತು. ಈ ಒಂದು ದಿನವಾದರೂ ಇವಳಿಗೆ ಸಿಗಲಿ ಎಂದು ನಾನು, ಚರ್ಚಿಗೆ ಹೋದರೆ ನಿದ್ದೆ ಮಾಡುವವನು, ಮನಸ್ಸಿನಲ್ಲೇ ಕೇಳಿಕೊಂಡೆ.

ತಪ್ಪಾದದ್ದು ಅಂಚೆ ಕಚೇರಿಯಿಂದ. ನಮ್ಮೂರು ಹೋಲ್ಮ್ ಕ್ರಾಸಿಂಗಿನಲ್ಲಿ ಒಂದು ಚರ್ಚು, ಒಂದು ಬಾರು, ಕೊಟ್ಟಿಗೆಗಿಂತ ಚಿಕ್ಕದಾದ ಒಂದು ಅಂಚೆ ಕಚೇರಿ. ಪೋಸ್ಟ್‌ಮಾಸ್ಟರ್ ನಿವೃತ್ತನಾದ ಮೇಲೆ ಯಾರೂ ಬರಲಿಲ್ಲ. ಕಚೇರಿ ಮುಚ್ಚುತ್ತಾರೆ ಎಂದಾಗ ಆರ್ಲಿಸ್ ಬೆಳಗಿನ ಹೊತ್ತು ಕಿಟಕಿಯ ಹಿಂದೆ ನಿಲ್ಲಲು ಒಪ್ಪಿಕೊಂಡಳು. ಸ್ಟಾಂಪು ಮಾರುವುದು, ಪಾರ್ಸೆಲ್ ತೂಗುವುದು, ಮುದುಕರ ಔಷಧಿ ಡಬ್ಬಿ ಎತ್ತಿಟ್ಟುಕೊಡುವುದು. "ಫೆಡರಲ್ ಸರ್ಕಾರದ ಹುದ್ದೆ ಏನಾದ್ರೂ ಇದೆಯಾ?" ಎಂದು ಪಕ್ಷದವರು ಕೇಳಿದಾಗ ಅವಳು "ಇಲ್ಲಪ್ಪ" ಎಂದದ್ದು ಸುಳ್ಳು ಹೇಳಬೇಕೆಂದಲ್ಲ. ನಮ್ಮ ಕಡೆ ಫೆಡರಲ್ ಎಂದರೆ ವಾಷಿಂಗ್ಟನ್ನಿನಲ್ಲಿ ಟೈ ಬಿಗಿದು ಕೂತವನು. ಅಂಚೆ ಕಚೇರಿ ನಮ್ಮದು. ಅದರ ಸೂರು ಸೋರಿದರೆ ನಾನೇ ಏಣಿ ಹತ್ತುತ್ತೇನೆ, ಬಾಗಿಲ ಮುಂದಿನ ಹಿಮ ಎತ್ತುವವರೂ ನಾವೇ. ಕೇಳಿದ್ದರೆ ನಾನೂ ಇಲ್ಲ ಎಂದೇ ಹೇಳುತ್ತಿದ್ದೆ.

ನವೆಂಬರಿನಲ್ಲಿ ನಮ್ಮ ಪಕ್ಷ ರಾಜ್ಯವನ್ನು ಕೂದಲೆಳೆಯ ಅಂತರದಲ್ಲಿ ಗೆದ್ದಿತು. ಇಡೀ ದೇಶದ ಲೆಕ್ಕವೂ ಹಾಗೇ ಒಂದೆರಡು ಎಲೆಕ್ಟರುಗಳ ಮೇಲೆ ನೇತಾಡುತ್ತಿತ್ತು. ಎದುರು ಪಕ್ಷದ ವಕೀಲರು ಮೊದಲು ಮರುಎಣಿಕೆ ಕೇಳಿದರು, ಸೋತರು. ಆಮೇಲೆ ನಮ್ಮ ಹತ್ತೂ ಜನರ ಜಾತಕ ಜಾಲಾಡಲು ಕೂತರು. ಸಿಕ್ಕವಳು ಆರ್ಲಿಸ್.

ಕ್ರೇಗ್ ಲಿಂಡಾಲ್ ನಮ್ಮನ್ನು ಹುಡುಕಿಕೊಂಡು ಬಂದದ್ದು ಶುಕ್ರವಾರ, ಊರಿಗೆ ಊರೇ ಬಾರಿನಲ್ಲಿ ಕರಿದ ಮೀನು ತಿನ್ನುವ ಹೊತ್ತಿನಲ್ಲಿ. ಅವನು ಪಕ್ಷದ ವಕೀಲ. ಮೂಗು ಸುರಿಸಿಕೊಂಡು ಓಡಾಡುತ್ತಿದ್ದಾಗ ಭಾನುವಾರದ ಚರ್ಚ್ ಶಾಲೆಯಲ್ಲಿ ಆರ್ಲಿಸಳ ಕೈಯಲ್ಲೇ ಕಲಿತವನು. ನಮ್ಮ ಮೇಜಿಗೆ ಬಂದು ಕೂತ.

"ಮಿಸೆಸ್ ಟ್ವೆಟ್, ಕೇಸು ಹಾಕಿದ್ದಾರೆ. ನಿಮ್ಮ ಮೇಲೆ."

"ನನ್ನ ಮೇಲಾ? ನಾನೇನಪ್ಪ ಮಾಡ್ದೆ?"

"ಫೆಡರಲ್ ಸರ್ಕಾರದಲ್ಲಿ ವಿಶ್ವಾಸದ ಹುದ್ದೆಯೋ ಸಂಬಳದ ಹುದ್ದೆಯೋ ಇದ್ದವರನ್ನ ಎಲೆಕ್ಟರ್ ಮಾಡೋ ಹಾಗಿಲ್ಲ. ಸಂವಿಧಾನದಲ್ಲೇ ಇದೆ."

"ಸ್ಟಾಂಪು ಮಾರೋದೂ ಒಂದು ಹುದ್ದೇನಾ?"

"ಇರಬಹುದು, ಇಲ್ದೇನೂ ಇರಬಹುದು. ನಿಮ್ಮಂಥ ಅರೆಹೊತ್ತಿನ ಕೆಲಸದ ಬಗ್ಗೆ ಯಾವ ಕೋರ್ಟೂ ಖಡಾಖಂಡಿತ ಹೇಳಿಲ್ಲ."

"ಹಾಗಾದ್ರೆ ನಾಳೇನೇ ಬಿಟ್ಬಿಡ್ತೀನಿ."

"ಅಷ್ಟು ಸಾಲದು. ನೀವು ನೇಮಕ ಆದ ಲೆಕ್ಕ ಚುನಾವಣೆ ದಿನ. ಆವತ್ತು ನೀವು ಕಿಟಕಿ ಹಿಂದೇನೇ ಇದ್ರಿ."

ಸಂವಿಧಾನ ಬರೆದವರಿಗೆ ಒಂದು ಭಯವಿತ್ತಂತೆ: ಅಧ್ಯಕ್ಷನ ಅನ್ನ ತಿನ್ನುವವರೇ ಅಧ್ಯಕ್ಷನನ್ನು ಆರಿಸಿಬಿಟ್ಟರೆ ಎಂದು. ಸರಿಯಾದ ಭಯವೇ. ಅದಕ್ಕೆಂದು ಬೀಸಿದ ಬಲೆಯಲ್ಲಿ ದೊಡ್ಡ ಮೀನು ಬಿದ್ದದ್ದನ್ನು ನಾನು ಕಂಡಿಲ್ಲ. ಆರ್ಲಿಸ್ ಬಿದ್ದಳು. ಅವಳ ತಟ್ಟೆಯ ಮೀನು ಹಾಗೇ ಉಳಿಯಿತು.

ಕ್ರೇಗ್ ಮುಂದಕ್ಕೆ ಬಾಗಿದ. "ದಾರಿ ಇದೆ. ಅಂತರ್ಯುದ್ಧ ಮುಗಿದು ಹತ್ತು-ಹನ್ನೊಂದು ವರ್ಷಕ್ಕೆ ಆರೆಗಾನ್ ರಾಜ್ಯದಲ್ಲಿ ಥೇಟ್ ಹೀಗೇ ಆಗಿತ್ತು. ಅವನೂ ಪೋಸ್ಟ್‌ಮಾಸ್ಟರೇ. ಆ ಕೆಲಸಾನೂ ಬಿಟ್ಟ, ಎಲೆಕ್ಟರ್ ಸ್ಥಾನಾನೂ ಬಿಟ್ಟ. ಜಾಗ ಖಾಲಿ ಆಯ್ತಾ? ಉಳಿದವರು ಅಲ್ಲೇ ಕೂತು ಅವನನ್ನೇ ವಾಪಸ್ ಆರಿಸಿದ್ರು. ಅವನ ವೋಟು ಎಣಿಕೆಗೂ ಬಂತು. ನೀವೂ ಹಾಗೇ ಮಾಡಿ. ಎರಡಕ್ಕೂ ರಾಜೀನಾಮೆ ಕೊಡಿ. ಆ ದಿನ ಒಳಗೆ ಬರಬೇಡಿ, ಹೊರಗೆ ಕೂತಿರಿ. ಒಂಬತ್ತು ಜನ ನಿಮ್ಮನ್ನ ಆರಿಸಿದ ಕೂಡಲೇ ನಾನೇ ಬಂದು ಕರೀತೀನಿ."

"ಆರಿಸದೇ ಇದ್ರೆ?" ಎಂದು ನಾನು ಕೇಳಿದೆ.

"ಓರಿನ್, ಇವರು ನನಗೆ ದೇವರ ಪ್ರಾರ್ಥನೆ ಹೇಳಿಕೊಟ್ಟೋರು."

"ಅದಕ್ಕೇ ಕೇಳ್ತಿದೀನಿ. ನಿನಗೆ ಅದೂ ಬಾಯಿಗೆ ಬರ್ತಿರಲಿಲ್ಲ."

"ಸುಮ್ನಿರೋ ನೀನು," ಎಂದು ಆರ್ಲಿಸ್ ನನ್ನ ಮೇಲೇ ರೇಗಿದಳು. "ಒಂಬತ್ತರಲ್ಲಿ ಬರ್ನಿಸ್ ಇದಾಳೆ. ಅವಳಿರೋವಾಗ ನಂಗೇನು ಭಯ?"

ಸೋಮವಾರ ಎಲೆಕ್ಟರ್ ಸ್ಥಾನದ ರಾಜೀನಾಮೆಗೆ ಸಹಿ ಹಾಕಿ ಕ್ರೇಗನಿಗೆ ಕೊಟ್ಟಳು, ಅಂಚೆ ಕಚೇರಿಯ ಬೀಗದ ಕೈಯನ್ನೂ ಕೊಟ್ಟು ಬಂದಳು. ಜನವರಿಯಲ್ಲಿ ಮತ್ತೆ ಕೆಲಸಕ್ಕೆ ಸೇರಿಕೊಂಡರಾಯಿತು ಎಂದು ಅವಳ ಲೆಕ್ಕ. ಮುಚ್ಚಲು ನೆಪ ಹುಡುಕುತ್ತಿದ್ದ ಅಂಚೆ ಇಲಾಖೆಯವರ ಲೆಕ್ಕ ಬೇರೆಯಿತ್ತು. ವಾರ ಕಳೆಯುವುದರೊಳಗೆ ಕಿಟಕಿಗೆ ಹಲಗೆ ಹೊಡೆದರು, ಒಳಗಿದ್ದ ತಕ್ಕಡಿ ಸಹ ಸಾಗಿಸಿದರು. ಊರಿನ ಟಪಾಲೆಲ್ಲ ಹೆದ್ದಾರಿಯಾಚೆಯ ಪಟ್ಟಣಕ್ಕೆ ಹೋಯಿತು. ಬಾರಿನಲ್ಲಿ ನೆರೆಮನೆಯ ಲೆಸ್ಟರ್ ನನಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳಿದ:

"ಇವನ ಹೆಂಡ್ತಿ ದೇಶಾನೇ ಉದ್ಧಾರ ಮಾಡಕ್ಕೆ ಹೊರಟಿದ್ದಾಳಂತೆ. ನನ್ನ ಹಾರ್ಟಿನ ಮಾತ್ರೆ ತರಕ್ಕೆ ನಾನು ಯಾರ ಕಾಲು ಹಿಡೀಲಿ?"

ನಾನು ಬಿಯರಿನ ಲೋಟ ಹಾಗೇ ಬಿಟ್ಟು ಎದ್ದು ಬಂದೆ. ಅವನಾಡಿದ್ದರಲ್ಲಿ ತಪ್ಪೇನಿರಲಿಲ್ಲ. ಆರ್ಲಿಸಳಿಗೆ ಹೇಳಲಿಲ್ಲ. ಅವಳಿಗೆ ಗೊತ್ತೇ ಇತ್ತು, ಅಂಗಡಿಗೆ ಹೋದರೆ ಜನ ಮಾತು ನಿಲ್ಲಿಸುತ್ತಿದ್ದರು. "ಒಂದು ಸಲ ವೋಟು ಹಾಕಿ ಬಂದ್ಬಿಡ್ತೀನಿ, ಆಮೇಲೆ ಎಲ್ರ ಕಾಲಿಗೂ ಬೀಳ್ತೀನಿ," ಎನ್ನುತ್ತಿದ್ದಳು.

ಆ ದಿನ ಬಂತು. ಶಾಸನಭವನದ ಮೊಗಸಾಲೆಯಲ್ಲಿ ಅಮೃತಶಿಲೆಯ ಬೆಂಚು, ಕೂತರೆ ಬೆನ್ನುಮೂಳೆ ಹೆಪ್ಪುಗಟ್ಟುವಷ್ಟು ತಣ್ಣಗೆ. ಆರ್ಲಿಸಳನ್ನು ಅಲ್ಲಿ ಕೂರಿಸಿ, ನೀಲಿ ಉಡುಪಿನ ಮೇಲಿದ್ದ ದಾರದ ಎಳೆ ತೆಗೆದು, ನಾನು ಒಳಗೆ ಹೋಗಿ ಸಾರ್ವಜನಿಕರ ಸಾಲಿನಲ್ಲಿ ಜಾಗ ಹಿಡಿದೆ. ಉದ್ದನೆಯ ಮೇಜು, ಹತ್ತು ಕುರ್ಚಿ, ಪ್ರತಿ ಕುರ್ಚಿಯ ಮುಂದೆ ಹೆಸರಿನ ಹಲಗೆ. ಹತ್ತನೆಯ ಕುರ್ಚಿ ಖಾಲಿ. ಅದರ ಮುಂದೆಯೂ ಒಂದು ಹಲಗೆ ಬೋರಲಾಗಿ ಬಿದ್ದಿತ್ತು. ಆರ್ಲಿಸಳದೇ ಇರಬೇಕು, ನಿಯಮ ನೋಡು, ಆರಿಸುವ ತನಕ ತಿರುಗಿಸುವ ಹಾಗಿಲ್ಲ ಎಂದುಕೊಂಡೆ. ಅಷ್ಟು ಪೆದ್ದ ನಾನು.

ನನ್ನ ಮುಂದಿನ ಸಾಲಿನಲ್ಲಿ ಡ್ವೇನ್ ಸ್ಟ್ರೂಬೆಲ್ ಹೆಂಡತಿ ಮಕ್ಕಳೊಂದಿಗೆ ಕೂತಿದ್ದ. ಮೂರು ಚೀಸ್ ಕಾರ್ಖಾನೆಗಳ ಯಜಮಾನ. ಹಿಂದಿನ ಚುನಾವಣೆಯವರೆಗೂ ಎದುರು ಪಕ್ಷದ ಬೋರ್ಡು ಅವನ ಗೇಟಿನ ಮೇಲೇ ಇತ್ತು, ಆರ್ಲಿಸಳನ್ನು ಕಚ್ಚಿದ ನಾಯಿಯೂ ಅವನದೇ. ಇವನ್ಯಾಕೆ ಬಂದ ಎಂದು ಯೋಚಿಸುತ್ತಿರುವಾಗಲೇ ಮೇಜಿನಲ್ಲಿ ಒಬ್ಬರು ಎದ್ದು "ಒಂದು ಸ್ಥಾನ ಖಾಲಿ ಇದೆ" ಎಂದರು. ಒಂಬತ್ತು ಜನ ಚೀಟಿ ಹಾಕಿದರು. ಬರ್ನಿಸ್ ತನ್ನ ಚೀಟಿಯನ್ನು ಮಡಚಿ, ಮತ್ತೆ ಮಡಚಿ, ತಲೆ ಎತ್ತದೆ ಹಾಕಿದಳು. ಎಣಿಸಿದರು. ಒಂಬತ್ತಕ್ಕೆ ಒಂಬತ್ತೂ ಡ್ವೇನ್ ಸ್ಟ್ರೂಬೆಲ್.

ಕ್ರೇಗ್ ಬಂದು ಬೋರಲು ಹಲಗೆಯನ್ನು ತಿರುಗಿಸಿಟ್ಟ. ಸ್ಟ್ರೂಬೆಲ್ ಎಂದು ಚಿನ್ನದ ಬಣ್ಣದಲ್ಲಿ ಬರೆದಿತ್ತು. ಅಂಥದ್ದು ಒಂದು ಬೆಳಗಿನಲ್ಲಿ ಆಗುವ ಕೆಲಸವಲ್ಲ.

ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. "ಆರ್ಲಿಸ್ ಹೊರಗೆ ಕೂತಿದಾಳೆ ಕಣ್ರೋ!" ಎಂದು ನಾನು ಕಿರುಚಿದ್ದು ಆ ಸದ್ದಿನಲ್ಲಿ ಕಾವಲಿನವನಿಗೆ ಮಾತ್ರ ಕೇಳಿಸಿತು. ತೋಳು ಹಿಡಿದು ಬಾಗಿಲ ತನಕ ನಡೆಸಿದ. ಬಾಗಿಲು ತೆರೆದರೆ ಎದುರಿಗೆ ಆರ್ಲಿಸ್. ಚಪ್ಪಾಳೆ ಕೇಳಿ ಎದ್ದುಬಂದಿದ್ದಳು. ತುಟಿಗೆ ಹೊಸದಾಗಿ ಬಣ್ಣ ಹಚ್ಚಿಕೊಂಡು, ಉಡುಪಿನ ನೆರಿಗೆ ಸರಿಮಾಡಿಕೊಳ್ಳುತ್ತ, ನನ್ನ ಭುಜದ ಮೇಲಿಂದ ಒಳಗಿನವರಿಗೆಲ್ಲ ನಗುತ್ತಿದ್ದಳು. ನನ್ನ ಮುಖ ನೋಡಿದ ಮೇಲೂ ಆ ನಗು ಸ್ವಲ್ಪ ಹೊತ್ತು ಹಾಗೇ ಉಳಿಯಿತು.

ಹತ್ತೂ ವೋಟು ಬಿದ್ದ ಮೇಲೆ ಕ್ರೇಗ್ ಹೊರಗೆ ಬಂದ.

"ಮಿಸೆಸ್ ಟ್ವೆಟ್, ಬೇಜಾರು ಮಾಡ್ಕೋಬೇಡಿ. ಕೋರ್ಟಿನ ಕಣ್ಣು ಬಿದ್ದ ಹೆಸರು ಬೇಡ ಅಂತ ಪಕ್ಷದ ಮೇಲಿನವರು ಹೇಳಿದ್ರು. ಡ್ವೇನ್ ಕೂಡ ಪಕ್ಷಕ್ಕೆ ತುಂಬಾ ಮಾಡಿದ್ದಾರೆ."

"ಯಾವಾಗ ಹೇಳಿದ್ರು?" ಎಂದೆ ನಾನು.

"ಹೋದ ವಾರ."

"ನಮ್ಮನೇಲಿ ಫೋನಿದೆಯಲ್ಲೋ!"

ಅವನು ನನ್ನನ್ನು ನೋಡಲಿಲ್ಲ. "ಹೇಳಿದ್ರೆ ಇವರು ರಾಜೀನಾಮೆ ವಾಪಸ್ ತಗೊಂಡ್ಬಿಟ್ರೆ ಅಂತ."

ಅವನ ಕತ್ತಿನ ಪಟ್ಟಿ ಹಿಡಿಯಲು ಕೈ ಎತ್ತಿದವನನ್ನು ಆರ್ಲಿಸ್ ತಡೆದಳು. ಅವಳು ಕೇಳಿದ್ದು ಒಂದೇ. "ಒಂಬತ್ತೂ ಜನಾನಾ, ಕ್ರೇಗ್?"

"ಒಂಬತ್ತೂ."

"ಬರ್ನಿಸೂ?"

"ಅವರೂ."

ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎನ್ನುತ್ತಾರೆ. ನಮ್ಮವರಿಗೆ ಹಂಗೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಯಾಕೆಂದರೆ ಕ್ರೇಗ್ ಅಲ್ಲಿಗೇ ಬಿಡಲಿಲ್ಲ, ಕಂಕುಳಲ್ಲಿದ್ದ ದಪ್ಪ ಲಕೋಟೆಗಳನ್ನು ಮುಂದೆ ಹಿಡಿದ. "ಇನ್ನೊಂದು ಸಹಾಯ. ವೋಟಿನ ಪತ್ರ ಇವು. ಇವತ್ತೇ ರಿಜಿಸ್ಟರ್ ಮಾಡಿಸಿ ಕಳಿಸಬೇಕು, ಒಂದು ವಾಷಿಂಗ್ಟನ್ನಿಗೆ ಸೆನೆಟ್ಟಿಗೆ ಹೋಗಬೇಕು. ಎಲ್ಲರೂ ಊಟಕ್ಕೆ ಹೊರಟಿದ್ದಾರೆ. ನಿಮಗೆ ಅಂಚೆ ಕೆಲಸ ಅಭ್ಯಾಸ ಇದೆಯಲ್ಲ, ಅದಕ್ಕೇ..."

ನಾನು ಆಗ ಹೇಳಿದ್ದನ್ನು ಅಚ್ಚು ಹಾಕುವ ಹಾಗಿಲ್ಲ. ಆರ್ಲಿಸ್ ಮಾತ್ರ ಕೈ ಚಾಚಿದಳು.

"ನಿನಗೆ ಹುಚ್ಚೇನೇ? ಹೋಗಿ ಕೆರೆಗೆ ಎಸಿ ಅದನ್ನ!"

"ಜನ ಚಳೀಲಿ ಸಾಲು ನಿಂತು ಹಾಕಿದ ವೋಟು ಕಣೋ ಇದು," ಎಂದಳು. "ಇವರಪ್ಪಂದಲ್ಲ."

ಕ್ರಿಸ್ಮಸ್ ಹತ್ತಿರವಾದ್ದರಿಂದ ಮ್ಯಾಡಿಸನ್ನಿನ ಅಂಚೆ ಕಚೇರಿಯ ತುಂಬ ಉಡುಗೊರೆ ಹೊತ್ತ ಜನ. ಅಲ್ಲೇ ಮೇಜಿನ ಮೇಲಿಟ್ಟುಕೊಂಡು, ರಿಜಿಸ್ಟರ್ ಟಪಾಲಿಗೆ ಬೇಕಾದ ಹಾಗೆ ಲಕೋಟೆಗಳ ಅಂಚುಗಳಿಗೆಲ್ಲ ಕಂದು ಕಾಗದ ಅಂಟಿಸಿ, ಬೆರಳಿನಿಂದ ಒತ್ತಿ, ಆರ್ಲಿಸ್ ಸಾಲಿನಲ್ಲಿ ನಿಂತಳು. ಅವಳ ಸರದಿ ಬಂದಾಗ ಕಿಟಕಿಯ ಹಿಂದಿದ್ದವನು ಅವನ್ನು ತಿರುಗಿಸಿ ನೋಡಿ ಹುಬ್ಬೇರಿಸಿದ.

"ನಮ್ಮ ಇಲಾಖೆಯವರಾ ಮೇಡಂ?"

"ಇದ್ದೆ."

"ಒಳಗೇನಿದೆ?"

"ಅಧ್ಯಕ್ಷರಿಗೆ ಹಾಕಿದ ವೋಟು."

"ಅಯ್ಯೋ ದೇವ್ರೇ!" ಅವನು ಖುಷಿಯಿಂದ ಪಕ್ಕದವನನ್ನು ಕರೆದ. "ಏ, ಇಲ್ನೋಡು, ಎಲೆಕ್ಟರ್ ಮೇಡಂ ಬಂದಿದ್ದಾರೆ!" ಹಿಂದೆ ನಿಂತಿದ್ದವರಲ್ಲಿ ಯಾರೋ ಚಪ್ಪಾಳೆ ಹೊಡೆದರು. ಇನ್ನಿಬ್ಬರು ಸೇರಿಕೊಂಡರು.

ಆರ್ಲಿಸ್ ತಿರುಗಿ ನೋಡಲಿಲ್ಲ. "ರಸೀದಿ ಕೊಡಪ್ಪ," ಎಂದಳು.

ಹೊರಗೆ ಮೆಟ್ಟಿಲ ಮೇಲೆ, ಹಸಿ ಹಿಮದಲ್ಲೇ, ಆ ಉಡುಪಿನಲ್ಲೇ ಕೂತುಬಿಟ್ಟಳು. ಏಳು ಎಂದರೆ ಏಳಲಿಲ್ಲ. ಕೈಗವಸಿನ ಹಿಂಬದಿಯಿಂದ ತುಟಿಯ ಬಣ್ಣ ಒರೆಸಿಕೊಂಡಳು, ಚರ್ಮ ಕೆಂಪಾಗುವ ತನಕ ಒರೆಸಿಕೊಳ್ಳುತ್ತಲೇ ಇದ್ದಳು.

"ಚಪ್ಪಾಳೆ ಕೇಳಿ ನಂಗೇ ಅಂತ ಎದ್ದು ಬಂದ್ಬಿಟ್ನಲ್ಲ ಓರಿನ್," ಎಂದಳು. "ಬರ್ನಿಸ್ ನೋಡಿದ್ಲು ನನ್ನ. ನಾನು ಅವಳಿಗೆ ಕೈ ಬೀಸಿದೆ ಕಣೋ."