ಎಡಕ್ಕೆ ಶಬ್ದ, ಬಲಕ್ಕೆ ಮನುಷ್ಯ

೧

ಈ ಕತೆಯನ್ನು ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಮೂರು ಸಲ ಕಾಗದ ಹರಿದಿದ್ದೇನೆ. ಮೊದಲ ಸಲ ದೂಧಗಂಗಾ ನದಿಯ ವರ್ಣನೆಯಿಂದ ಹೊರಟೆ. ಎರಡು ಪುಟವಾದರೂ ಒಬ್ಬ ಮನುಷ್ಯನೂ ದಡಕ್ಕೆ ಬರಲಿಲ್ಲ. ಎರಡನೆಯ ಸಲ ಒಂದು ಸಾವಿನಿಂದ ಶುರು ಮಾಡಿದೆ. ಮೊದಲ ಸಾಲಿಗೇ ಹೆಣ ಇಳಿಸಿದರೆ ನೀವು ಪುಸ್ತಕ ಮುಚ್ಚಿ ಚಹಾ ಕುಡಿಯಲು ಹೋಗುತ್ತೀರಿ ಎನ್ನಿಸಿ ಬಿಟ್ಟೆ. ಮೂರನೆಯ ಸಲ, "೧೯೮೮ರ ಒಂದು ಮಧ್ಯಾಹ್ನ" ಎಂದು ಬರೆದೆ. ಸಾವಿರ ಕತೆಗಳು ಹೀಗೇ ಶುರುವಾಗಿವೆ. ಆಗಲಿ, ಸಾವಿರದ ಒಂದನೆಯದು ಎಂದುಕೊಳ್ಳಿ.

೧೯೮೮ರ ಒಂದು ಮಧ್ಯಾಹ್ನ ಏಕಸಂಬಿಯ ಹೊಲವೊಂದರ ಮೋಟಾರು ಖೋಲಿಯಲ್ಲಿ, ನೀರಿನ ಪಂಪಿನ ಕೋಣೆಯಲ್ಲಿ, ಇಬ್ಬರು ಬಿ.ಎ. ಆದವರು ಕುಳಿತಿದ್ದರು. ಒಬ್ಬ ಜಿನ್ನಪ್ಪ, ಆ ಹೊಲದ ಮಾಲಕರ ಮಗ. ಇನ್ನೊಬ್ಬ ರಾವಸಾಹೇಬ, ಅದೇ ಹೊಲದಲ್ಲಿ ಇಪ್ಪತ್ತೈದು ವರ್ಷದಿಂದ ದುಡಿಯುವ ತುಕಾರಾಮನ ಮಗ. (ಹೆಸರು ಅದಲುಬದಲಾಗಿವೆ ಎಂದುಕೊಳ್ಳಬೇಡಿ. ನಮ್ಮ ಕಡೆ ಆಳಿನ ಮಗನೂ ರಾವಸಾಹೇಬನೇ. ಜಿನ್ನಪ್ಪನ ಮನೆಯಲ್ಲಿ ಮಾತ್ರ ಅವನು ರಾವ್ಯಾ.) ಇಬ್ಬರೂ ಚಿಕ್ಕೋಡಿಯ ಕಾಲೇಜಿಗೆ ಮೂರು ವರ್ಷ ಒಂದೇ ಬಸ್ಸಿನಲ್ಲಿ ನಿಂತು ಹೋಗಿ ಬಂದವರು. ಈಗ ಬ್ಯಾಂಕಿನ ಕ್ಲಾರ್ಕ್ ಪರೀಕ್ಷೆಗೆ ಓದುತ್ತಿದ್ದರು. ರಾವಸಾಹೇಬನಿಗೆ ಪಾಸಾಗಿ ಅಪ್ಪನನ್ನು ಜಿನ್ನಪ್ಪನ ಮನೆಯ ಅಂಗಳದಿಂದ ಬಿಡಿಸಿಕೊಂಡು ಹೋಗಬೇಕಿತ್ತು. ಜಿನ್ನಪ್ಪನಿಗೆ ಪಾಸಾಗಬೇಕಿತ್ತು, ಆದರೆ ರಾವಸಾಹೇಬನ ಜತೆಗೆ. ಒಬ್ಬನೇ ಪಾಸಾಗುವ ಯೋಚನೆಯೇ ಅವನಿಗೆ ಬಂದಿರಲಿಲ್ಲ.

೨

ಇಬ್ಬರಿಗೂ ಗಂಟಲಲ್ಲಿ ಸಿಕ್ಕಿಕೊಂಡಿದ್ದು ಇಂಗ್ಲಿಷ್ ಪೇಪರು. ಅದರಲ್ಲೂ ಕಠಿಣ ಶಬ್ದಗಳು. ಡಿಕ್ಷನರಿಯನ್ನು ಬಾಯಿಪಾಠ ಮಾಡಿದರೆ ಬೆಳಿಗ್ಗೆ ಕಲಿತದ್ದು ಸಂಜೆಗೆ ಹಾರಿಹೋಗುತ್ತಿತ್ತು. ಆಗ ಉಪಾಯ ಹುಡುಕಿದವನು ರಾವಸಾಹೇಬ.

"ಲೇ ಜಿನ್ಯಾ, ಶಬ್ದ ನೆನಪ ಉಳಿಯೂದಿಲ್ಲ. ಮಂದಿ ಉಳೀತಾರ. ಒಂದೊಂದ ಶಬ್ದಕ್ಕ ಊರಾಗಿನ ಒಬ್ಬೊಬ್ಬರನ್ನ ಕಟ್ಟೂಣು."

ಇನ್ನೂರು ಪುಟದ ಒಂದು ವಹಿ ಬಂತು. ಎಡಕ್ಕೆ ಶಬ್ದ, ಬಲಕ್ಕೆ ಮನುಷ್ಯ. ಗ್ಯಾರುಲಸ್ ಎಂದರೆ ವಿಪರೀತ ಮಾತಾಡುವವರು: ಹಿಟ್ಟಿನ ಗಿರಣಿಯ ಕಮಲಾಬಾಯಿ, ಗಿರಣಿಯ ಸದ್ದನ್ನೂ ಮೀರಿ ಮಾತಾಡುವವಳು. ಟ್ಯಾಸಿಟರ್ನ್ ಎಂದರೆ ಬಾಯೇ ಬಿಡದವರು: ಪೋಸ್ಟ್ ಮಾಸ್ತರರು, ಊರಿನ ಎಲ್ಲರ ಕಾರ್ಡು ಓದಿಯೂ ಒಂದು ಮಾತಾಡದವರು. ಫ್ಯಾಸ್ಟಿಡಿಯಸ್ ಎಂದರೆ ಯಾವುದೂ ಸುಲಭಕ್ಕೆ ಹಿಡಿಸದವರು: ಜಿನ್ನಪ್ಪನ ತಾಯಿ ಕಸ್ತೂರೆವ್ವ, ಸೋಸಿದ ನೀರನ್ನೇ ಮತ್ತೊಮ್ಮೆ ಸೋಸುವವಳು. ಎಫೆಮರಲ್, ಅಂದರೆ ಬಂದಷ್ಟೇ ಬೇಗ ಹೋಗುವುದು, ಇದಕ್ಕೆ ಮಾತ್ರ ಮನುಷ್ಯ ಸಿಗದೆ ತ್ರೀ ಫೇಜ್ ಕರೆಂಟನ್ನು ಕಟ್ಟಿದರು.

ನಿಯಮ ಎರಡೇ ಇದ್ದವು. ಮೊದಲನೆಯದು, ಆ ಮನುಷ್ಯ ಎದುರಿಗೆ ಬಂದಾಗಲೆಲ್ಲ ಅವನ ಶಬ್ದವನ್ನು ತುಟಿಯಲ್ಲೇ ಹೇಳಬೇಕು. ಇಬ್ಬರೂ ಬಜಾರಿನಲ್ಲಿ ನಡೆದರೆ ತುಟಿ ಅಲ್ಲಾಡುತ್ತಲೇ ಇರುತ್ತಿದ್ದವು. ಜಪ ಮಾಡುತ್ತಾರೆಂದು ಕೆಲವರು, ತಲೆ ಕೆಟ್ಟಿದೆ ಎಂದು ಹಲವರು ತಿಳಿದಿದ್ದರು.

ಎರಡನೆಯದನ್ನು ರಾವಸಾಹೇಬ ಹಾಕಿದ್ದು. "ನಿಮ್ಮ ಮನಿ ಮಂದಿನ್ನ ನೀ ಕಟ್ಟ. ನಮ್ಮ ಮನಿ ಮಂದಿನ್ನ ನಾ ಕಟ್ಟತೀನಿ. ಒಬ್ಬರ ಮನಿಯವರಿಗೆ ಇನ್ನೊಬ್ಬರು ಕೈ ಹಚ್ಚಬಾರ್ದು."

"ಆತ ಬಿಡಲೆ," ಎಂದ ಜಿನ್ನಪ್ಪ. ಅವನು ಈ ನಿಯಮವನ್ನು ಎಂದೂ ಮುರಿಯಲಿಲ್ಲ. ಅಥವಾ ಮುರಿಯಲಿಲ್ಲ ಎಂದೇ ತಿಳಿದಿದ್ದ. ಕತೆ ಇರುವುದು ಇಲ್ಲೇ.

೨ (ಮತ್ತೆ)

(ಇಲ್ಲಿಯವರೆಗಿನದು ಸ್ವಲ್ಪ ತಮಾಷೆಯಾಗಿ ಬಂದಿದೆ. ನಾನು ಬೇಕೆಂದೇ ತಡ ಮಾಡುತ್ತಿದ್ದೇನೆ. ಮುಂದಿನದನ್ನು ಬರೆಯಲು ನನಗೆ ಮನಸ್ಸಿಲ್ಲ.)

ಆಬ್ಸೀಕ್ವಿಯಸ್ ಎಂಬ ಶಬ್ದ ಬಂದ ದಿನ ರಾವಸಾಹೇಬ ಇರಲಿಲ್ಲ, ನಿಪ್ಪಾಣಿಗೆ ಹೋಗಿದ್ದ. ದೊಡ್ಡವರೆದುರು ಬೇಕಾದ್ದಕ್ಕಿಂತ ಹೆಚ್ಚು ಬಾಗುವವನು, ಎಂದು ಅರ್ಥ. ಜಿನ್ನಪ್ಪ ಡಿಕ್ಷನರಿಯಿಂದ ತಲೆ ಎತ್ತಿದ. ಎದುರಿಗೆ ಬೇವಿನ ಗಿಡದ ಕೆಳಗೆ ತುಕಾರಾಮ ರೊಟ್ಟಿ ತಿನ್ನುತ್ತ ಕುಳಿತಿದ್ದ. ಅಷ್ಟರಲ್ಲಿ ಜಿನ್ನಪ್ಪನ ಅಪ್ಪನ ಮೋಟಾರ್ ಸೈಕಲ್ಲಿನ ಸದ್ದು ಕೇಳಿತು. ತುಕಾರಾಮ ತುತ್ತನ್ನು ಬಾಯಲ್ಲೇ ಉಳಿಸಿಕೊಂಡು, ರೊಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಎದ್ದು ನಿಂತ. ಮೋಟಾರ್ ಸೈಕಲ್ಲು ಮನೆಯ ಕಡೆ ತಿರುಗಿ ಹೋಯಿತು. ಸದ್ದು ಪೂರ್ತಿ ಅಡಗುವವರೆಗೆ ಅವನು ನಿಂತೇ ಇದ್ದ.

ಜಿನ್ನಪ್ಪ ಬರೆದ: "ಆಬ್ಸೀಕ್ವಿಯಸ್ — ನಮ್ಮ ತುಕಾರಾಮ, ರೊಟ್ಟಿ ಕೈಯಾಗ."

ಬರೆಯುವಾಗ ಅವನಿಗೆ ಏನೂ ಅನ್ನಿಸಲಿಲ್ಲ. ನಿಯಮ ನೆನಪಿಗೇ ಬರಲಿಲ್ಲ. ತುಕಾರಾಮನನ್ನು ಅವನು ಹುಟ್ಟಿದಾಗಿನಿಂದ ತನ್ನ ಮನೆಯ ಅಂಗಳದಲ್ಲೇ ನೋಡಿದ್ದ. ಅಪ್ಪನ ವಯಸ್ಸಿನ ಅವನನ್ನು 'ನೀ' ಎಂದೇ ಕರೆಯುತ್ತಿದ್ದ. ಆ ಮನುಷ್ಯ ಸಂಜೆ ಎಲ್ಲಿಗೆ ಹೋಗುತ್ತಾನೆ, ಅಲ್ಲಿ ಅವನಿಗೆ ಮನೆ ಇದೆ, ಆ ಮನೆ ರಾವಸಾಹೇಬನದು ಎಂದು ತಿಳಿಯದೇ ಇರಲಿಲ್ಲ. ತಿಳಿದಿದ್ದನ್ನು ಒಂದಕ್ಕೊಂದು ಸೇರಿಸಿರಲಿಲ್ಲ, ಅಷ್ಟೇ. ಅವನ ಲೆಕ್ಕದಲ್ಲಿ ಅವನು ತನ್ನ ಮನೆಯವರನ್ನೇ ಕಟ್ಟಿದ್ದ.

೪

(ಮೂರನೆಯ ಭಾಗವನ್ನು ರಾವಸಾಹೇಬ ಉಳಿಸಗೊಡಲಿಲ್ಲ. ಅದರಲ್ಲಿ ಅವನು ವಹಿಯನ್ನು ಓದುವ ದೃಶ್ಯವಿತ್ತು. ಅವನ ಕಣ್ಣಲ್ಲಿ ನೀರು ತರಿಸಿದ್ದೆ. "ನೀವು ಅಲ್ಲಿದ್ರೇನ್ರಿ?" ಎಂದು ಕೇಳಿದ. ಇರಲಿಲ್ಲ ಎಂದೆ. "ಹಂಗಾರ ತಗೀರಿ ಅದನ್ನ." ತೆಗೆದೆ. ಪಾತ್ರಗಳ ಮಾತು ಕೇಳುವ ಲೇಖಕ ಉದ್ಧಾರವಾಗುವುದಿಲ್ಲ, ಗೊತ್ತು. ಆದರೂ ತೆಗೆದೆ.)

ಜಿನ್ನಪ್ಪನಿಗೆ ಗೊತ್ತಿರುವುದು ಇಷ್ಟು. ಪರೀಕ್ಷೆಗೆ ಹತ್ತು ದಿನವಿರುವಾಗ, ಮೊದಲೇ ಮಾತಾದಂತೆ ವಹಿ ರಾವಸಾಹೇಬನ ಕೈಗೆ ಹೋಯಿತು. ಐದನೆಯ ದಿನ ವಾಪಸ್ಸು ಬಂತು. ಮೋಟಾರು ಖೋಲಿಯ ಕಿಟಕಿಯಲ್ಲಿ ಇಟ್ಟು ಹೋಗಿದ್ದ. ಒಂದು ಗೀಟಿಲ್ಲ, ಒಂದು ಅಕ್ಷರ ಹೆಚ್ಚಿಲ್ಲ. ತುಕಾರಾಮನಿದ್ದ ಪುಟದ ಅಂಚು ಮಾತ್ರ ಬೆವರು ತಾಗಿ ಸುಕ್ಕಾಗಿತ್ತು. ಬಹಳ ಹೊತ್ತು ಹೆಬ್ಬೆರಳು ಒತ್ತಿ ಹಿಡಿದಂತೆ.

ಬೆಳಗಾವಿಗೆ ಹೋಗುವ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತರು.

"ಯಾಕಲೆ, ಹೆದರಿಕಿ ಆಗೇತೇನು?" ಎಂದ ಜಿನ್ನಪ್ಪ.

"ಇಲ್ಲ."

"ಮತ್ತ ಮಾತ ಯಾಕಿಲ್ಲ?"

ರಾವಸಾಹೇಬ ಕಿಟಕಿಯ ಕಡೆ ನೋಡುತ್ತಲೇ ಹೇಳಿದ. "ಆ ಇಂಗ್ಲಿಷ್ ಶಬ್ದ ಖರೇ ಇರಬಹುದು ಜಿನ್ಯಾ. ಅದಕ್ಕ ನನಗೇನ ಸಿಟ್ಟಿಲ್ಲ. ಅದರ ಮುಂದ ನೀ 'ನಮ್ಮ' ಅಂತ ಬರದಿ ನೋಡ."

ಜಿನ್ನಪ್ಪನಿಗೆ ಆಗ ಹೊಳೆಯಿತು. ಪರೀಕ್ಷೆ ಮುಗಿಯಲಿ, ಆಮೇಲೆ ತಪ್ಪಾಯಿತು ಎಂದರಾಯಿತು ಎಂದುಕೊಂಡ.

ಇಂಗ್ಲಿಷ್ ಪೇಪರಿನಲ್ಲಿ ಆ ಶಬ್ದ ಬಂತು. (ಬರಲೇಬೇಕಿತ್ತು, ಬರದಿದ್ದರೆ ನಾನು ಈ ಕತೆ ಬರೆಯುತ್ತಿದ್ದೆನೆ?) ಜಿನ್ನಪ್ಪನ ಕಣ್ಣೆದುರು ಬೇವಿನ ಗಿಡ, ರೊಟ್ಟಿ, ನಿಂತ ಮನುಷ್ಯ. ಕೈ ತನ್ನಷ್ಟಕ್ಕೆ ಸರಿಯುತ್ತರಕ್ಕೆ ಗುರುತು ಹಾಕಿತು.

ಅವನು ಪಾಸಾದ. ರಾವಸಾಹೇಬ ಆಗಲಿಲ್ಲ.

ಯಾಕೆ? ನನ್ನ ಹತ್ತಿರ ಮೂರು ಕಾರಣಗಳಿವೆ. ಅವನು ಆ ಪ್ರಶ್ನೆಯನ್ನು ಬೇಕೆಂದೇ ಖಾಲಿ ಬಿಟ್ಟ, ಒಂದು ಅಂಕದಲ್ಲಿ ಹೋಯಿತು: ಇದು ಸಿನಿಮಾ. ಕೊನೆಯ ಐದು ದಿನ ಅವನು ವಹಿಯನ್ನು ಮುಟ್ಟಲಿಲ್ಲ: ಇದು ನಿಜವಿರಬಹುದು. ಗಣಿತದ ಪೇಪರಿನಲ್ಲಿ ಹೋಯಿತು, ವಹಿಗೂ ಇದಕ್ಕೂ ಸಂಬಂಧವಿಲ್ಲ: ಜಿನ್ನಪ್ಪ ಬಹಳ ವರ್ಷ ಇದನ್ನೇ ನಂಬಲು ನೋಡಿದ. ನೀವು ಯಾವುದನ್ನು ಬೇಕಾದರೂ ಆರಿಸಿಕೊಳ್ಳಿ. ಮೂರರಲ್ಲೂ ತುಕಾರಾಮ ಅದೇ ಅಂಗಳದಲ್ಲಿ ಉಳಿಯುತ್ತಾನೆ.

೫

ಆ ವರ್ಷ ಭಾದ್ರಪದದಲ್ಲಿ ಜಿನ್ನಪ್ಪನಿಗೆ ರಾಯಬಾಗಕ್ಕೆ ಆರ್ಡರ್ ಬಂತು. ಹೋಗುವ ಮೊದಲು ಕ್ಷಮಾವಾಣಿಯ ದಿನ ಬಂತು. ಹತ್ತು ದಿನದ ಪರ್ವ ಮುಗಿಸಿದ ಜೈನರು ಅಂದು ಮನೆಮನೆಗೆ ಹೋಗಿ, "ಉತ್ತಮ ಕ್ಷಮಾ, ತಿಳಿದು ತಿಳಿಯದೆ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ" ಎಂದು ಕೈ ಮುಗಿಯುತ್ತಾರೆ. ಎಲ್ಲರೂ ಎಲ್ಲರಿಗೂ ಅನ್ನುವುದರಿಂದ ಯಾರಿಗೂ ಭಾರವಾಗುವುದಿಲ್ಲ. ಒಂದೇ ಓಣಿಯಲ್ಲಿ ಹೋಗಿ ಬಂದು ಮುಗಿಸುತ್ತಾರೆ.

ಜಿನ್ನಪ್ಪ ಓಣಿ ಮುಗಿಸಿ ಮುಂದೆ ನಡೆದ. ಕಸ್ತೂರೆವ್ವ ಬಾಗಿಲಲ್ಲೇ ಕೇಳಿದಳು: "ಅತ್ಲಾಗ ಎಲ್ಲಿ ಹೊಂಟ್ಯೋ? ಅಲ್ಲಿ ನಮ್ಮವರ ಯಾರೈದಾರ?"

"ರಾವಸಾಹೇಬನ ಮನಿಗೆ."

"ಹಬ್ಬದ ದಿನ? ತುಕ್ಯಾ ನಾಳಿ ಇಲ್ಲೇ ಬರ್ತಾನಲ್ಲ, ಆಗ ಅಂದ್ರಾತು."

ಜಿನ್ನಪ್ಪ ನಿಲ್ಲಲಿಲ್ಲ. ಹುಟ್ಟಿ ಇಪ್ಪತ್ತಮೂರು ವರ್ಷಕ್ಕೆ ಅವನು ಆ ಮನೆಗೆ ಹೋದದ್ದು ಅದೇ ಮೊದಲು. ಬಾಗಿಲು ಯಾವುದೆಂದು ಇನ್ನೊಬ್ಬರನ್ನು ಕೇಳಬೇಕಾಯಿತು.

ಬಾಗಿಲು ತೆರೆದಿತ್ತು. ರಾವಸಾಹೇಬ ಒಳಗೆ ಗೋಡೆಗೆ ಒರಗಿ ಏನೋ ಓದುತ್ತಿದ್ದ. ತುಕಾರಾಮ ಪಡಸಾಲೆಯಲ್ಲಿ ಊಟಕ್ಕೆ ಕುಳಿತಿದ್ದ. ಜಿನ್ನಪ್ಪನನ್ನು ನೋಡಿದವನೇ ಗಾಬರಿಯಿಂದ ಎದ್ದ. ರೊಟ್ಟಿ ಕೈಯಲ್ಲೇ ಇತ್ತು.

"ಸಣ್ಣ ಸಾವ್ಕಾರ್ರ! ಹೇಳಿ ಕಳಿಸಿದ್ರ ನಾನ ಬರತಿದ್ನೆಲ್ಲರಿ."

ಜಿನ್ನಪ್ಪ ಕೈ ಮುಗಿದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಿದ್ದವು. "ಉತ್ತಮ ಕ್ಷಮಾ, ತುಕಾರಾಮ. ನಾ ನಿನಗ... ನಿಮಗ ಒಂದ ತಪ್ಪ ಮಾಡೀನಿ."

"ಏ, ಬಿಡ್ತು ಅನ್ರಿ! ನೀವ್ಯಾಕ ಕೈ ಮುಗಿತೀರಿ ನನಗ?" ತುಕಾರಾಮ ಇನ್ನಷ್ಟು ಬಾಗಿದ. "ನಮ್ಮದ ಏನರೆ ತಪ್ಪಾಗಿದ್ರ ನೀವು ಹೊಟ್ಯಾಗ ಹಾಕ್ಕೋರಿ."

ಆಗ ಜಿನ್ನಪ್ಪನ ತುಟಿ ಅಲ್ಲಾಡಿತು.

ಅವನು ಅಲ್ಲಾಡಿಸಲಿಲ್ಲ. ನಾಲ್ಕು ತಿಂಗಳ ರೂಢಿ ಅದು. ಮನುಷ್ಯ ಎದುರಿಗೆ ಬಂದರೆ ಶಬ್ದ ತುಟಿಗೆ ಬರಬೇಕು, ಬಂತು. ಸದ್ದಿಲ್ಲದೆ, ಪೂರ್ತಿಯಾಗಿ ಬಂತು. ಅವನು ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಮುಗಿದೂ ಹೋಗಿತ್ತು. ತುಕಾರಾಮ ಮಂತ್ರವಿರಬೇಕು ಎಂದುಕೊಂಡು ಇನ್ನೊಮ್ಮೆ ತಲೆ ಬಾಗಿಸಿದ.

ರಾವಸಾಹೇಬ ಅವನ ತುಟಿಗಳನ್ನೇ ನೋಡುತ್ತಿದ್ದ. ಊರಿನಲ್ಲಿ ಅದನ್ನು ಓದಬಲ್ಲವನು ಅವನೊಬ್ಬನೇ. ಪುಸ್ತಕ ಕೆಳಗಿಟ್ಟು ಬಂದು, ಅಪ್ಪನ ಭುಜ ಹಿಡಿದು ಕೂರಿಸಿದ.

"ಅಪ್ಪಾ, ಉಣ್ಣ."

ಆಮೇಲೆ ಜಿನ್ನಪ್ಪನಿಗೆ ಹೇಳಿದ: "ಹೋಗ ಜಿನ್ಯಾ. ಹಬ್ಬ ಐತಿ, ಇನ್ನ ಭಾಳ ಮನಿ ಇರಬೇಕ ನಿನಗ."

ಮುಕ್ತಾಯ, ಮೊದಲ ಪ್ರಯತ್ನ

೧೯೯೬. ರಾಯಬಾಗದ ಬ್ಯಾಂಕು. ಜಿನ್ನಪ್ಪ ಡಬ್ಬಿ ಬಿಚ್ಚಿ ಊಟಕ್ಕೆ ಕುಳಿತಿದ್ದಾನೆ. ರೀಜನಲ್ ಮ್ಯಾನೇಜರರ ಜೀಪಿನ ಸದ್ದು ಕೇಳುತ್ತದೆ. ಅವನು ರೊಟ್ಟಿ ಕೈಯಲ್ಲೇ ಹಿಡಿದುಕೊಂಡು ಎದ್ದು ನಿಲ್ಲುತ್ತಾನೆ.

(ಬರೆದು ಖುಷಿಪಟ್ಟೆ, ಬೆನ್ನು ತಟ್ಟಿಕೊಂಡೆ. ರಾವಸಾಹೇಬ ಓದಿ ಪಕ್ಕಕ್ಕಿಟ್ಟ. "ಭಾಳ ಚೊಕ್ಕ ಆತ್ರಿ. ಅವಾ ಒಮ್ಮಿ ಎದ್ದ ನಿಂತ, ಸರಿಹೋತು ಅಂತೀರೇನ? ಅಂವಗ ಎದ್ದ ನಿಂತದ್ದಕ್ಕ ಪಗಾರ ಬರ್ತೈತ್ರಿ." ಹೊಡೆದು ಹಾಕಿದ್ದೇನೆ.)

ಮುಕ್ತಾಯ, ಎರಡನೆಯ ಪ್ರಯತ್ನ

೧೯೯೭. ತುಕಾರಾಮ ತೀರಿಕೊಂಡ. (ನಾನು ಎರಡನೆಯ ಸಲ ಹರಿದ ಸಾವು ಇದೇ.) ರಾವಸಾಹೇಬ ಆಗ ಕಾಗವಾಡದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರ. ನೌಕರಿ ಸಿಕ್ಕಿ ಎರಡು ವರ್ಷವಾಗಿತ್ತು, ಅಪ್ಪನನ್ನು ಕರೆದುಕೊಂಡು ಹೋಗಲು ಅಲ್ಲಿ ಖೋಲಿ ಹುಡುಕುತ್ತಿದ್ದ. ಜಿನ್ನಪ್ಪ ರಾಯಬಾಗದಿಂದ ಬಂದ. ಮಣ್ಣು ಮಾಡಿ ಮುಗಿದಿತ್ತು. ಇಬ್ಬರೂ ಮನೆಯ ಮುಂದಿನ ಕಲ್ಲಿನ ಮೇಲೆ ಕುಳಿತರು.

"ಆ ವಹಿ ಸುಟ್ಟ ಹಾಕೀನಿ," ಎಂದ ಜಿನ್ನಪ್ಪ.

"ಸುಟ್ಟರ ಹೊಕ್ಕೈತೇನ? ಈಗೂ ನಿನ್ನ ತುಟಿ ಅಳ್ಳಾಡಿತು. ಒಳಗ ಅಪ್ಪನ ಫೋಟೋ ನೋಡಿದ ಕೂಡಲೇ."

ಜಿನ್ನಪ್ಪ ಅತ್ತ. ಒಂಬತ್ತು ವರ್ಷಗಳಲ್ಲಿ ಮೊದಲ ಸಲ ಅತ್ತ. ರಾವಸಾಹೇಬ ಅವನನ್ನು ಸಮಾಧಾನ ಮಾಡಲಿಲ್ಲ, ಎದ್ದು ಹೋಗು ಎಂದೂ ಹೇಳಲಿಲ್ಲ. ಆಮೇಲೆ ಅಂದ: "ನಾನೂ ಅಪ್ಪಗ ಒಂದ ಶಬ್ದ ಕಟ್ಟಿದ್ನಿ. ನೀ ಬರಿಯೂದಕ್ಕಿಂತ ಮೊದಲ. ಅದ ಗಿಡಾ, ಅದ ರೊಟ್ಟಿ. ವಹಿಯೊಳಗ ಬರದಿರಲಿಲ್ಲ, ಅಷ್ಟ."

"ಯಾವ ಶಬ್ದ?"

ರಾವಸಾಹೇಬ ಹೇಳಲಿಲ್ಲ.

ಇದು ಮುಕ್ತಾಯವಲ್ಲ

ನಾನೂ ಅವನನ್ನು ಕೇಳಿದೆ. ಕತೆಗೆ ಬೇಕು, ಓದುಗರು ಕಾಯುತ್ತಾರೆ ಎಂದೆ.

"ಓದೂ ಮಂದಿಗೆ ಜಿನ್ಯಾನ ಶಬ್ದ ಕಲಿಸೀರೆಲ್ಲರಿ," ಎಂದ. "ಇನ್ನ ಮ್ಯಾಲೆ ಆ ಶಬ್ದ ಎಲ್ಲಿ ಕಂಡ್ರೂ ಅವರಿಗೆ ನಮ್ಮಪ್ಪನ ಕಾಣ್ತಾನ. ರೊಟ್ಟಿ ಕೈಯಾಗ ಹಿಡಕೊಂಡ. ಒಬ್ಬ ಜಿನ್ಯಾ ಇದ್ದ, ನೀವು ಎಷ್ಟ ಮಂದಿ ಮಾಡಿದ್ರಿ."

ನಾಲ್ಕನೆಯ ಕಾಗದವನ್ನೂ ಹರಿಯಬೇಕಾಗಿತ್ತು. ಹರಿಯದೆ ನಿಮ್ಮ ಕೈಗೆ ಕೊಟ್ಟಿದ್ದೇನೆ. ನೀವು ಈಗ ಎಷ್ಟೇ ಪ್ರಯತ್ನಪಟ್ಟರೂ ಆ ಶಬ್ದ ಮರೆಯುವುದಿಲ್ಲ, ಅವರ ಉಪಾಯ ಅಷ್ಟು ಗಟ್ಟಿಯಾದದ್ದು.

ಡಿಕ್ಷನರಿ ತೆಗೆದು ಎರಡು ವಾರದಿಂದ ಹುಡುಕುತ್ತಿದ್ದೇನೆ. ಒಬ್ಬ ಮಗ ತನ್ನ ತಂದೆ ಬೇವಿನ ಗಿಡದ ಕೆಳಗೆ ಹಾಗೆ ನಿಂತದ್ದನ್ನು ನೋಡಿ ಯಾವ ಶಬ್ದ ಕಟ್ಟಿರಬಹುದು? ಕೆಲವಕ್ಕೆ ಗುರುತು ಹಾಕಿದೆ, ಮತ್ತೆ ಅಳಿಸಿದೆ. ಎಲ್ಲವೂ ನಾನು ಕಟ್ಟಿದ ಹಾಗೇ ಕಾಣುತ್ತವೆ. ಕೊನೆಗೆ ಒಂದು ಹೊಸ ಹಾಳೆಯಲ್ಲಿ ಬಲಗಡೆ ಮಾತ್ರ ಬರೆದಿದ್ದೇನೆ. ಅದನ್ನೂ ರಾವಸಾಹೇಬನ ಮಾತಿನಲ್ಲೇ, ಅವನಿಗೆ ತೋರಿಸಿ, ಅವನು ಹೂಂ ಅಂದ ಮೇಲೆ:

.............. — ನಮ್ಮಪ್ಪ, ರೊಟ್ಟಿ ಕೈಯಾಗ.

ಎಡಗಡೆ ಖಾಲಿ ಇದೆ. ಅದನ್ನು ತುಂಬುವ ಹಕ್ಕು ನನಗಿಲ್ಲ, ದಯವಿಟ್ಟು ನೀವೂ ತುಂಬಬೇಡಿ.